ಮನೆಯಿಂದ ತಂದ ನೀರು

ಈ ಭೀಮಬಾಯಿ ರೈಲಿನಲ್ಲಿ ಇವತ್ತಿನವರೆಗೆ ಒಂದು ಕಪ್ ಚಹಾ ಕೂಡ ಕೊಂಡವಳಲ್ಲ. ಪ್ರತಿ ವರ್ಷ ಡಿಸೆಂಬರ್ ಆರಕ್ಕೆ ಮುಂಬೈಯ ಚೈತ್ಯಭೂಮಿಗೆ ಹೊರಟಾಗ ಖಡಕ್ ರೊಟ್ಟಿ, ಖಾರದ ಶೇಂಗಾ ಹಿಂಡಿ ಕಟ್ಟಿಕೊಂಡು, ಐದು ಲೀಟರಿನ ಕ್ಯಾನಿನಲ್ಲಿ ನೀರು ತುಂಬಿಕೊಂಡೇ ಚಿತ್ತಾಪುರದಿಂದ ವಾಡಿಗೆ ಬಂದು ರೈಲು ಹತ್ತುತ್ತೇನೆ. ಕೇಳಿದವರಿಗೂ ಕೊಡುತ್ತೇನೆ, ಕೇಳದವರಿಗೂ ಕೊಡುತ್ತೇನೆ. ನಮ್ಮವ್ವ ಊರ ಬಾವಿಯಿಂದ ದೂರ ಕೊಡ ಇಟ್ಟುಕೊಂಡು, ಯಾರಾದರೂ ಮೇಲಿನಿಂದ ಸುರಿಯಲಿ ಎಂದು ಗಂಟೆಗಟ್ಟಲೆ ಕಾಯುತ್ತಿದ್ದಳು. ಅದನ್ನು ನೋಡಿ ಬೆಳೆದವಳು ನಾನು. ನೀರು ಇಲ್ಲ ಅನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಕಳೆದ ಡಿಸೆಂಬರಿನಲ್ಲಿ ಶಹಾಬಾದಿನಲ್ಲಿ ಹತ್ತಿದ ಗಂಡ ಹೆಂಡತಿ ಎದುರಿನ ಸೀಟಿಗೆ ಬಂದು ಕೂತರು. ಗಂಡ ಬಂದೇಅಲಿ ಕಲ್ಲಿನ ಗಣಿಯಲ್ಲಿ ದುಡಿದವನು. ಮುಖ, ಪಾದ ಎಲ್ಲ ಊದಿದ್ದವು. ಹೆಂಡತಿ ರಶೀದಾಬೇಗಂ ಕೈಯಲ್ಲಿ ಒಂದು ಚಿಕ್ಕ ಬಾಟಲಿ. ಅವನು ನೀರು ಕೇಳಿದಾಗ ಬಾಟಲಿಯ ಮುಚ್ಚಳಕ್ಕೆ ಸುರಿದು ಕೊಟ್ಟಳು. ಅವನು ಕುಡಿದು ಮುಚ್ಚಳ ನೆಕ್ಕಿದ. ನನಗೆ ಸುಮ್ಮನಿರಲಾಗಲಿಲ್ಲ.

"ಏನ ತಂಗಿ, ಕೋಳಿಮರಿಗಿ ಹಾಕ್ದಂಗ ಹಾಕಾಕತ್ತಿ? ಹೊಟ್ಟಿತುಂಬ ಕುಡಸು."

"ಇವರ ಕಿಡ್ನಿ ಎರಡೂ ಹೋಗ್ಯಾವ್ರಿ ಅಕ್ಕಾ. ಮುಂಬೈದಾಗ ಇವರ ತಂಗಿ ಒಂದ್ ಕಿಡ್ನಿ ಕೊಡ್ತಾಳ. ಅಲ್ಲಿ ಮುಟ್ಟೋತನಕ ಈ ಬಾಟಲಿ ನೀರು ಬಿಟ್ಟು ಒಂದ್ ಗುಟುಕೂ ಬ್ಯಾಡ ಅಂದಾರ್ರಿ ಡಾಕ್ಟರ್."

"ಅದ್ಯಾವ ಡಾಕ್ಟರ್? ನನ್ನ ತಮ್ಮ ಧರ್ಮಣ್ಣಗ ಕಿಡ್ನಿದಾಗ ಕಲ್ಲಾಗಿದ್ವು. ದಿನಾ ನಾಕ್ ಲೀಟರ್ ಕುಡಿ ಅಂದಿದ್ರು. ಕುಡದ, ನೆಟ್ಟಗಾದ."

"ಅದು ಬ್ಯಾರೆ ಅದರಿ, ಇದು ಬ್ಯಾರೆ" ಎಂದು ಅವಳು ಮುಖ ತಿರುಗಿಸಿದಳು.

ಸೊಕ್ಕಿನವಳು ಅಂದುಕೊಂಡೆ. ನಮ್ಮ ಭಾಗದಲ್ಲಿ ಕಿಡ್ನಿ ಅಂದರೆ ಕಲ್ಲು, ಕಲ್ಲಿಗೆ ಔಷಧ ನೀರು. ಅದಕ್ಕಿಂತ ಹೆಚ್ಚು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದೂ ಗೊತ್ತಿರಲಿಲ್ಲ.

ಕಲಬುರಗಿ ದಾಟುವಷ್ಟರಲ್ಲಿ ರಶೀದಾಗೆ ನಿದ್ದೆ ಹತ್ತಿತು. ಎಷ್ಟು ದಿನದಿಂದ ನಿದ್ದೆಗೆಟ್ಟಿದ್ದಳೋ, ಬಾಟಲಿ ಎದೆಗವಚಿಕೊಂಡೇ ಒರಗಿದ್ದಳು. ಬಂದೇಅಲಿ ನನ್ನ ಕ್ಯಾನನ್ನೇ ನೋಡುತ್ತಿದ್ದ.

"ಅಕ್ಕಾ, ಒಂದ್ ಗ್ಲಾಸ್ ಕೊಡ್ರಿ" ಎಂದ ಮೆಲ್ಲಗೆ. "ಆಕಿಗಿ ಹೇಳಬ್ಯಾಡ್ರಿ."

ಕೊಟ್ಟೆ. ರೊಟ್ಟಿ, ಹಿಂಡಿ ಕೊಟ್ಟೆ. ಖಾರಕ್ಕೆ ಮತ್ತೆ ನೀರು ಕೇಳಿದ. ಸೊಲ್ಲಾಪುರ ಬರುವವರೆಗೆ ಗ್ಲಾಸಿನ ಮೇಲೆ ಗ್ಲಾಸು ಸುರಿದೆ. ಅವನು ಕಣ್ಣು ಮುಚ್ಚಿಕೊಂಡು ಕುಡಿದ. ಆ ಮುಖ ನೋಡಿ ನನಗೆ ಭಾರೀ ಸಂತೋಷವಾಯಿತು. ಈ ವರ್ಷ ಹೊರಟು ಬಂದದ್ದು ಇಲ್ಲೇ ಸಾರ್ಥಕವಾಯಿತು ಅಂದುಕೊಂಡೆ.

ದೌಂಡ್ ಹತ್ತಿರ ಬಂದಾಗ ಅವನಿಗೆ ಉಸಿರು ಸಿಗದಾಯಿತು. ಕೂರಲಾರ, ಮಲಗಲಾರ. ಎದೆಯಲ್ಲಿ ಗೊರಗೊರ ಸದ್ದು. ರಶೀದಾ ಗಾಬರಿಯಾಗಿ ಎದ್ದಳು. ಎಲ್ಲರೂ ಸೇರಿ ಸ್ಟೇಷನ್ನಿನಲ್ಲಿ ಇಳಿಸಿದರು, ನಾನೂ ಚೀಲ, ಕ್ಯಾನು ಹಿಡಿದು ಇಳಿದೆ. ಓಡಿಬಂದ ಡಾಕ್ಟರು ಎದೆಯಲ್ಲೆಲ್ಲ ನೀರು ತುಂಬಿದೆ, ಎಷ್ಟು ನೀರು ಕುಡಿದಿದ್ದಾನೆ ಎಂದು ಹಿಂದಿಯಲ್ಲಿ ಕೇಳಿದರು. ರಶೀದಾ ಬಾಟಲಿ ಎತ್ತಿ ತೋರಿಸಿದಳು. ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಡಾಕ್ಟರು ನನ್ನ ಕಡೆ ನೋಡಿದರು. ನಾನು ಬಾಯಿ ಬಿಡಲಿಲ್ಲ. ಹೆದರಿದ್ದೆ.

ಆಸ್ಪತ್ರೆಗೆ ಒಯ್ಯುವ ಮೊದಲೇ ಅವನು ಹೋಗಿಬಿಟ್ಟ.

ರಶೀದಾ ಬಾಟಲಿಯಲ್ಲಿ ಉಳಿದ ನೀರನ್ನು ಅವನ ತುಟಿಗೆ ಸುರಿಯುತ್ತಲೇ ಇದ್ದಳು.

"ಮುಂಜಾನಿಯಿಂದ ನೀರ್ ನೀರ್ ಅಂದ್ರು ಅಕ್ಕಾ. ನಾ ಪಾಪಿ, ಒಂದ್ ಗ್ಲಾಸ್ ಕೊಡಲಿಲ್ಲ. ನೀರಡಿಸಿಕೊಂಡೇ ಹೋದ್ರು."

ಇಲ್ಲ ತಂಗಿ, ಹೊಟ್ಟೆತುಂಬ ಕುಡಿದೇ ಹೋದ ಎಂದು ನಾನು ಹೇಳಿದ್ದರೆ ಆ ಒಂದು ಸಂಕಟವಾದರೂ ಅವಳಿಗೆ ತಪ್ಪುತ್ತಿತ್ತು. ಹೇಳಲಿಲ್ಲ. ಅವಳನ್ನು ತಬ್ಬಿಕೊಂಡು, "ನಿಂದೇನೂ ತಪ್ಪಿಲ್ಲವ್ವ" ಎಂದೆ. ಅವಳು ನಂಬಲಿಲ್ಲ, ಇನ್ನೂ ಜೋರಾಗಿ ಅತ್ತಳು. ಅವಳ ಬೆನ್ನ ಹಿಂದೆ, ಖಾಲಿ ಕ್ಯಾನನ್ನು ನಾನು ಕಾಲಿನಿಂದ ಬೆಂಚಿನ ಕೆಳಗೆ ತಳ್ಳಿದೆ.