ಎರಡು ಗೇಣು ನಾಲ್ಕು ಬೆರಳು

ದೋಣಿಯವರೆಲ್ಲ ಅವರನ್ನು ಗೇಣು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ನಲವತ್ತು ವರ್ಷಗಳಿಂದ ದೋಣಿಯ ಮೋಟಾರು ರಿಪೇರಿ ಮಾಡುತ್ತಿದ್ದ ಆ ಮನುಷ್ಯ ಒಂದು ದಿನವೂ ಅಳತೆ ಟೇಪು ಮುಟ್ಟಿದವರಲ್ಲ. ಏನೇ ಇರಲಿ, ಹೆಬ್ಬೆರಳು ಕಿರುಬೆರಳು ಅಗಲಿಸಿ ಗೇಣು ಹಾಕುವುದು, ಉಳಿದದ್ದಕ್ಕೆ ಬೆರಳು ಇಡುವುದು, ಮುಗಿಯಿತು. ಹಟವೂ ಅಂಥಿಂಥ ಹಟವಲ್ಲ. ಮಗಳು ಒಮ್ಮೆ ಟೇಪು ತಂದಿಟ್ಟರೆ, "ಕೈ ಇಲ್ಲದವರಿಗೆ ಬೇಕು ಅದು" ಎಂದು ಕಿಟಕಿಯಿಂದ ಆಚೆ ಎಸೆದಿದ್ದರು. ಹದಿನಾರು ವರ್ಷ ಅಪ್ಪನ ಪಕ್ಕದಲ್ಲೇ ನಿಂತು ಕೆಲಸ ಮಾಡಿದವಳು ಅವಳು. ಆ ಕೈ ತಪ್ಪಿದ್ದನ್ನು ಒಮ್ಮೆಯೂ ಕಂಡಿರಲಿಲ್ಲ.

ಇವತ್ತು ಬೆಂಚಿನ ಮೇಲಿದ್ದದ್ದು ಅವಳ ತಮ್ಮನ ಮೋಟಾರು. ಒಬ್ಬರೇ ಎತ್ತುವಷ್ಟು ಚಿಕ್ಕದು, ಅದನ್ನು ಮಾಡಿದ ಕಂಪನಿ ಮುಚ್ಚಿ ಯಾವ ಕಾಲವಾಯಿತೋ. ಬೆಳಿಗ್ಗೆ ಬರುವಾಗ ಬಂಡೆಗೆ ಬಡಿದು ಅದರ ಕಾಲು ಪೂರ್ತಿ ಕಳಚಿ ನೀರುಪಾಲಾಗಿತ್ತು. ಕಾಲು ಎಂದರೆ ನೀರೊಳಗೆ ಇಳಿಯುವ ಕೆಳಭಾಗ: ಗೇರು, ನೀರು ತಳ್ಳುವ ಫ್ಯಾನು, ಅವನ್ನು ಮೇಲಿನ ಇಂಜಿನ್ನಿಗೆ ಕೂಡಿಸುವ ಉದ್ದನೆಯ ಶಾಫ್ಟು. ಅವನು ನಡುಗಡ್ಡೆಯ ದೀಪಸ್ತಂಭದ ಕಾವಲುಗಾರ. ಸಂಜೆ ದೀಪ ಹೊತ್ತಿಸಲು ಅಲ್ಲಿ ಬೇರೆ ಯಾರೂ ಇಲ್ಲ. ನಾಲ್ಕಕ್ಕೆ ಇಳಿತ ಶುರುವಾದರೆ, ಹೊಳೆ ಕಡಲು ಸೇರುವ ಅಳಿವೆಯಲ್ಲಿ ಅಲೆ ಎದ್ದು ನಿಲ್ಲುತ್ತದೆ, ಅಷ್ಟರೊಳಗೆ ದಾಟಬೇಕು. ಜೊತೆಗೆ ಹೆಂಡತಿ, ಮೂರು ತಿಂಗಳ ಕೂಸು. ಅಳಿವೆಯ ನಡುವೆ ಮೋಟಾರು ಕೈಕೊಟ್ಟರೆ ದೋಣಿ ಅಡ್ಡ ತಿರುಗುತ್ತದೆ. ಮುಂದಿನದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹಳೇ ಸಾಮಾನಿನ ರಾಶಿಯಲ್ಲಿ ಮೂರು ಕಾಲು ಸಿಕ್ಕವು. ಒಂದರ ಗೇರನ್ನು ತುಕ್ಕು ತಿಂದುಹಾಕಿತ್ತು. ಉಳಿದೆರಡು ಅವಳಿ ಜವಳಿ. ಒಂದರ ಶಾಫ್ಟು ಮಾತ್ರ ಇನ್ನೊಂದಕ್ಕಿಂತ ಹೆಬ್ಬೆರಳಿನ ಗಿಣ್ಣಿನಷ್ಟು ಉದ್ದ.

"ಈ ಜಾತಿಗೆ ಎರಡು ಗೇಣು ನಾಲ್ಕು ಬೆರಳು," ಎಂದು ಅಪ್ಪ ಗಿಡ್ಡನೆಯದಕ್ಕೆ ಗೇಣು ಹಾಕಿದರು. ಸರಿಯಾಗಿ ಎರಡು ಗೇಣು, ನಾಲ್ಕು ಬೆರಳು. "ಇದೇ. ಎತ್ತು."

ಅವಳು ಎತ್ತಿ ಕೂರಿಸಿದಳು. ಬೋಲ್ಟು ಬಿಗಿಯಬೇಕು ಅನ್ನುವಾಗ ಗ್ಯಾಸ್ಕೆಟ್ ಹಾಕಿಲ್ಲವೆಂದು ನೆನಪಾಗಿ ಮತ್ತೆ ಇಳಿಸಿದಳು. ಶಾಫ್ಟಿನ ತುದಿಯ ಹಲ್ಲುಗಳಿಗೆ ಹಚ್ಚಿದ್ದ ಗ್ರೀಸು ಉಗುರಿನಷ್ಟು ಅಗಲ ಮಾತ್ರ ಒರೆಸಿಹೋಗಿತ್ತು. ಉಳಿದದ್ದು ಹಚ್ಚಿದ ಹಾಗೇ ಇತ್ತು.

"ಅಪ್ಪ, ಹಲ್ಲು ಸರಿಯಾಗಿ ಕಚ್ಚಿಲ್ಲ. ತುದಿಯಲ್ಲಿ ಹಿಡಿದಿದೆ ಅಷ್ಟೇ. ಜೋರು ಕೊಟ್ಟರೆ ಸವೆದುಹೋಗುತ್ತೆ."

"ಈ ಮೋಟಾರು ಕಚ್ಚೋದೇ ಅಷ್ಟು."

"ಇನ್ನೊಂದನ್ನ ಒಂದು ಸಲ ಹಾಕಿ ನೋಡೋಣ್ವಾ?"

"ಉದ್ದ ಆದರೆ ಏನಾಗುತ್ತೆ ಗೊತ್ತಾ? ಬೋಲ್ಟು ಬಿಗಿದರೆ ಮೇಲಿನ ಇಂಜಿನ್ನೇ ಒಡೀತದೆ. ಈ ಜಾತಿ ನೀನು ನೋಡಿದ್ದೀಯಾ? ನಾನು ನೋಡಿದ್ದೀನಿ. ಸುಮ್ಮನೆ ಬಿಗಿ."

ಅದೂ ನಿಜವೇ. ಈ ಜಾತಿಯ ಮೋಟಾರು ಅವಳು ನೋಡಿರಲಿಲ್ಲ. ಗ್ಯಾಸ್ಕೆಟ್ ಹಾಕಿ ಬಿಗಿದಳು. ನೀರಿನ ಡ್ರಮ್ಮಿನಲ್ಲಿಟ್ಟು ಹಗ್ಗ ಎಳೆದರೆ ಹಾಳಾದ್ದು ಒಂದೇ ಎಳೆತಕ್ಕೆ ಚಾಲೂ ಆಯಿತು. ಬಾಗಿಲಲ್ಲಿ ನಿಂತಿದ್ದ ತಮ್ಮ ನಗುತ್ತ, "ಏನಕ್ಕ, ಅಪ್ಪನಿಗೇ ಪಾಠ ಹೇಳ್ತಿದ್ಯಾ?" ಎಂದು ಮೋಟಾರನ್ನು ಹೆಗಲಿಗೇರಿಸಿ ದಡಕ್ಕೆ ನಡೆದ. ಗಂಟೆ ಮೂರು.

ಅಪ್ಪ ಕೈ ಒರೆಸಿಕೊಳ್ಳುತ್ತಿದ್ದರು. ಬೆರಳು ಬೆರಳನ್ನೂ ಬಿಡಿಸಿ ಒರೆಸುವುದು ಅವರ ಪದ್ಧತಿ. ಹೆಬ್ಬೆರಳಿಗೆ ಬಂದಾಗ ಅದು ಬಿಡಿಸಿಕೊಳ್ಳಲಿಲ್ಲ. ಇನ್ನೊಂದು ಕೈಯಿಂದ ಎಳೆದರೂ ಅರ್ಧಕ್ಕೇ ನಿಂತಿತು. ಅವಳ ಕಣ್ಣು ಆ ಹೆಬ್ಬೆರಳಿನ ಮೇಲೇ ನಿಂತಿತು. ಗೇಣೇ ಗಿಡ್ಡವಾಗಿದ್ದರೆ?

ಹೇಗೆ ಹೇಳುವುದು? ಮೂಗಿನ ತುದಿಯಲ್ಲೇ ಕೋಪ, ಮೇಲಾಗಿ ಆ ಕೈಯ ಮೇಲೇ ಬದುಕು ಕಟ್ಟಿದ ಮನುಷ್ಯ. ನಿಮ್ಮ ಕೈ ಮುದುಡಿದೆ ಅಂದರೆ ಒಪ್ಪುವುದಿರಲಿ, ಅವತ್ತೆಲ್ಲ ಮುಖ ಕೊಟ್ಟು ಮಾತಾಡುವುದಿಲ್ಲ. ಹೇಳದಿದ್ದರೆ ದೋಣಿ ಹೊರಡುತ್ತದೆ. ಅವರು ಕೈ ಗಟ್ಟಿಯಿದ್ದಾಗ ಅಳೆದದ್ದು ಏನಾದರೂ ಬೇಕು. ಅಡುಗೆಮನೆಯ ಹಲಗೆ. ಮದುವೆಯಾದ ವರ್ಷ ಅಮ್ಮನಿಗೆ ಹೊಡೆದುಕೊಟ್ಟದ್ದು, ನಾಲ್ಕು ಗೇಣು, ಕೂದಲೆಳೆ ಹೆಚ್ಚಿಲ್ಲ ಕಡಿಮೆಯಿಲ್ಲ ಎಂದು ತಿಂಗಳಿಗೊಮ್ಮೆಯಾದರೂ ಕೊಚ್ಚಿಕೊಳ್ಳುತ್ತಿದ್ದರು.

"ಅಪ್ಪ, ಒಳಗೆ ಬನ್ನಿ. ಅಮ್ಮನಿಗೆ ಇಂಥದ್ದೇ ಇನ್ನೊಂದು ಹಲಗೆ ಬೇಕಂತೆ."

"ಈಗಲೇ ಬೇಕಾ? ದೋಣಿ ಹೊರಡೋ ಹೊತ್ತಲ್ಲಿ?"

"ಒಂದು ನಿಮಿಷ. ಅಳೆದು ಹೇಳಿ ಸಾಕು."

ಗೊಣಗುತ್ತಲೇ ಬಂದರು. ಡಬ್ಬಿಗಳನ್ನು ಸರಿಸಿ ಗೇಣು ಹಾಕಿದರು. ಒಂದು, ಎರಡು, ಮೂರು, ನಾಲ್ಕು. ಹಲಗೆ ಇನ್ನೂ ಮೂರು ಬೆರಳು ಮಿಕ್ಕಿತ್ತು. ಆ ತುದಿಯಿಂದ ಮತ್ತೆ ಹಾಕಿದರು. ಮತ್ತೆ ಮೂರು ಬೆರಳು.

"ಏನ್ರೀ, ನನ್ನ ಹಲಗೆ ಬೆಳೆದುಬಿಡ್ತಾ?" ಅಂದಳು ಅಮ್ಮ, ಏನೂ ಗೊತ್ತಿಲ್ಲದೆ, ನಗುತ್ತ.

ಅಪ್ಪ ನಗಲಿಲ್ಲ. ಅಂಗೈಯನ್ನು ಹಲಗೆಗೆ ಒತ್ತಿ ಹೆಬ್ಬೆರಳನ್ನು ಅಗಲಿಸಲು ನೋಡಿದರು. ನೋವಿಗೆ ಕಣ್ಣಲ್ಲಿ ನೀರು ಬಂತೇ ಹೊರತು ಬೆರಳು ಅಗಲಲಿಲ್ಲ. ಮಗಳ ಕಡೆ ತಿರುಗಿದರು. ಅವಳಿಗೆ ತಲೆ ಎತ್ತುವ ಧೈರ್ಯವಾಗಲಿಲ್ಲ. ಹೊರಗೆ ತಮ್ಮ ಹಗ್ಗ ಎಳೆದದ್ದೂ ಮೋಟಾರು ಗುರುಗುಟ್ಟಿದ್ದೂ ಕೇಳಿಸಿತು.

ಅಪ್ಪ ಓಡಿದರು. ಅವರು ಓಡಿದ್ದನ್ನು ಅವಳು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಉದ್ದನೆಯ ಕಾಲನ್ನೂ ಸ್ಪ್ಯಾನರನ್ನೂ ಬೆಂಚಿನಿಂದ ಬಾಚಿಕೊಂಡು ಅವಳೂ ಹಿಂದೆಯೇ ಓಡಿದಳು. ದೋಣಿ ಆಗಲೇ ದಡ ಬಿಟ್ಟು ಹತ್ತು ಮಾರು ಹೋಗಿತ್ತು. ಅಪ್ಪ ಸೊಂಟದ ಮಟ್ಟ ನೀರಿಗಿಳಿದು ಎರಡೂ ಕೈ ಬೀಸಿದರು. ಸೊಸೆ ನೋಡಿ ಗಂಡನ ಭುಜ ತಟ್ಟಿದಳು, ದೋಣಿ ತಿರುಗಿತು.

"ಏನಾಯ್ತು ಮಾವ?" ಎಂದಳು ಸೊಸೆ, ಕೂಸನ್ನು ಎದೆಗೊತ್ತಿಕೊಂಡು.

ಬಲೆ ಬಿಡಿಸುತ್ತಿದ್ದ ನಾಲ್ಕಾರು ಜನ ಕೆಲಸ ಬಿಟ್ಟು ಇತ್ತ ನೋಡುತ್ತಿದ್ದರು. ಅಪ್ಪ ಬಾಯಿ ತೆರೆಯುವ ಮೊದಲೇ ಅವಳು ಅಂದಳು: "ನಂದೇ ತಪ್ಪು ಕಣೋ. ಅಪ್ಪ ಹೇಳಿದ್ದು ಇದನ್ನ, ನಾನು ಬೇರೇದು ಎತ್ತಿ ಹಾಕಿಬಿಟ್ಟೆ."

"ಅಲ್ಲ," ಅಂದರು ಅಪ್ಪ. ಎಲ್ಲರಿಗೂ ಕೇಳಿಸುವ ಹಾಗೆ ಅಂದರು. "ಅವಳು ಬೇಡ ಅಂದಿದ್ದಳು. ಅಳತೆ ತಪ್ಪಿದ್ದು ನಾನು. ನನ್ನ ಕೈ ಮುದುಡಿದೆ."

ಅವಳಿಗೆ ಅಳು ಉಕ್ಕಿ ಬಂತು. ಅಳಲು ಹೊತ್ತಿರಲಿಲ್ಲ. ಮೊಣಕಾಲೂರಿ ಬೋಲ್ಟು ಬಿಚ್ಚಿದಳು. ಗಿಡ್ಡ ಕಾಲಿನ ಹಲ್ಲುಗಳ ತುದಿ ಆ ಹತ್ತು ಮಾರಿಗೇ ಮಿರಮಿರ ಸವೆದಿತ್ತು. ತಮ್ಮ ಅದನ್ನು ನೋಡಿದ, ಹೆಂಡತಿಯ ಕಡೆ ನೋಡಿದ. ಉದ್ದನೆಯದು ಎಲ್ಲೂ ಒತ್ತದೆ, ಕೈಯಿಂದಲೇ ಮೇಲೇರಿ ತಟಕ್ಕನೆ ಕೂತುಕೊಂಡಿತು. ಬೋಲ್ಟು ಬರೀ ಹಿಡಿದುಕೊಳ್ಳುವ ಕೆಲಸ ಮಾಡಿತು.

ಮೂರೂವರೆಗೆ ದೋಣಿ ಹೊರಟಿತು. ಅವಳು ಕಣ್ಣಿಗಿಂತ ಹೆಚ್ಚಾಗಿ ಕಿವಿಯಿಂದಲೇ ಹಿಂಬಾಲಿಸಿದಳು. ಅಳಿವೆಯ ಬಾಯಲ್ಲಿ ದೋಣಿಯ ಮೂತಿ ಮೇಲೆದ್ದಿತು, ಸದ್ದು ಏರಿತು, ಎಲ್ಲೂ ತಪ್ಪಲಿಲ್ಲ. ಆಚೆಯ ಸಮನೀರಿಗೆ ಬಿದ್ದಾಗ ಹೋದ ಜೀವ ಬಂದಂತಾಯಿತು.

"ದಾಟಿದರು ಅಪ್ಪ."

ಅಪ್ಪ ಆ ಕಡೆ ನೋಡುತ್ತಲೇ ಇರಲಿಲ್ಲ. ದಡದುದ್ದಕ್ಕೂ ಕಟ್ಟಿದ್ದ ದೋಣಿಗಳನ್ನು ಒಂದೊಂದಾಗಿ ನೋಡುತ್ತಿದ್ದರು.

"ಈ ವರ್ಷ ಎಷ್ಟು ಮೋಟಾರಿಗೆ ಕಾಲು ಹಾಕಿದ್ದೀನಿ ನಾನು?"

ಅಡುಗೆಮನೆಯಿಂದಲೂ ಅವಳ ಎದೆಯಲ್ಲಿ ಕೂತಿದ್ದ ಪ್ರಶ್ನೆ ಅದು. ಅಪ್ಪ ಕೇಳದಿರಲಿ ಎಂದುಕೊಂಡಿದ್ದಳು. ಸುಳ್ಳು ಹೇಳಿಬಿಡೋಣ ಅನ್ನಿಸಿತು, ಆಗಲಿಲ್ಲ.

"ಒಂಬತ್ತು."

"ಇಲ್ಲಿರೋದು?"

"ಐದು. ನಾಲ್ಕು ಬೆಳಿಗ್ಗೆನೇ ಸಮುದ್ರಕ್ಕೆ ಹೋಗಿವೆ, ಇನ್ನೂ ವಾಪಸ್ ಬಂದಿಲ್ಲ."

ಅಪ್ಪ ಒದ್ದೆ ಬಟ್ಟೆಯಲ್ಲೇ ಮರಳಿನ ಮೇಲೆ ಕುಸಿದು ಕೂತರು. "ಯಾರ್ಯಾರು, ಹೇಳು," ಅಂದರು.

ಅವಳು ಪಕ್ಕದಲ್ಲಿ ಕೂತು, ಸಮುದ್ರದ ಕಡೆ ನೋಡುತ್ತ ಒಬ್ಬೊಬ್ಬರ ಹೆಸರೂ ಹೇಳಿದಳು. ಪ್ರತಿ ಹೆಸರಿಗೂ ಅಪ್ಪ, ಅವನ ಜೊತೆ ಯಾರಿದ್ದಾರೆ ಎಂದು ಕೇಳಿದರು. ನಾಲ್ಕನೆಯ ಹೆಸರಿಗೆ ಬರುವಷ್ಟರಲ್ಲಿ ಇಳಿತ ಶುರುವಾಗಿತ್ತು.