ಅರಿಶಿನದ ಮನೆಯ ಬೆಳ್ಳಿ

ಅರಿಶಿನ ಉಜ್ಜುವ ದಿನಗಳಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ಅವರವರ ಬಣ್ಣ ಇರುವುದಿಲ್ಲ. ಬೇಯಿಸಿ ಒಣಗಿಸಿದ ಕೊಂಬನ್ನು ಡ್ರಮ್ಮಿಗೆ ತುಂಬಿ ತಿರುಗಿಸುತ್ತಿದ್ದರೆ ಹಳದಿ ಪುಡಿ ಎದ್ದು ಅಂಗಳ, ಹೆಂಚು, ಕೊಡದ ಬಾಯಿ, ಕಣ್ಣಿನ ರೆಪ್ಪೆ ಎಲ್ಲದರ ಮೇಲೂ ಕೂರುತ್ತದೆ. ಬೆಳಗಿನ ಮಂಜಿನ ಮೇಲೆ ಎಳೆಬಿಸಿಲು ಬಿದ್ದಾಗ ದೊಡ್ಡಗಾಜನೂರೇ ಹಳದಿ ನೀರಿನಲ್ಲಿ ತೇಲುತ್ತಿದೆ ಅನ್ನಿಸುತ್ತದೆ. ಪಕ್ಕದಲ್ಲಿ ನಿಂತವರ ಮಾತೂ ಎಲ್ಲಿಂದಲೋ ಕೇಳಿಸುತ್ತದೆ. ನನಗೆ ಎಚ್ಚರ ಯಾವುದು, ನಿದ್ದೆ ಯಾವುದು ತಿಳಿಯುವುದಿಲ್ಲ. 'ನಿಂತ್ಕಂಡೇ ನಿದ್ದ ಒಡೀತಾಳ' ಎಂದು ನನ್ನ ಗಂಡ ರಾಚಪ್ಪ ಆಡಿಕೊಳ್ಳುತ್ತಾರೆ. ಅವರಿಗೇನು, ಮಾಡುವವಳು ನಾನು.

ಆ ವರ್ಷ ನಮ್ಮ ಬಿಳಿ ಬೆಕ್ಕು ಬೆಳ್ಳಿಯೂ ಹಳದಿಯಾಗಿತ್ತು. ಯಾರು ತಾನೇ ಗಮನಿಸುತ್ತಾರೆ? ನಾನೇ ಹಳದಿ.

ನಮ್ಮ ಬೆಕ್ಕು ಅಂದೆ. ಪ್ರೇಮ ಕೇಳಿಸಿಕೊಂಡಿದ್ದರೆ ಸುಮ್ಮನೆ ಬಿಡುತ್ತಿರಲಿಲ್ಲ. ಪ್ರೇಮ ನನ್ನ ವಾರಗಿತ್ತಿ, ಮೈದುನ ನಂಜಪ್ಪನ ಹೆಂಡತಿ. ಮನೆ ಭಾಗವಾದಾಗ ಮಧ್ಯೆ ಗೋಡೆ ಎದ್ದಿತು. ಹಳೆಯ ಅಡುಗೆಮನೆ ಯಾರ ಪಾಲಿಗೆ ಎಂಬ ಜಗಳದಲ್ಲಿ ನಾವಿಬ್ಬರೂ ಮಾತು ಬಿಟ್ಟೆವು. ಆಮೇಲೆ ನಂಜಪ್ಪ ತೀರಿಕೊಂಡ. ಮಕ್ಕಳಿಲ್ಲದ ಪ್ರೇಮ ಗೋಡೆಯ ಆಚೆ ಒಬ್ಬಳೇ ಉಳಿದಳು. ಆಗ ಇಬ್ಬರೂ ಒಂದೇ ಜಗುಲಿಯಲ್ಲಿ ಕೂತು ಅತ್ತೆವು, ಮಾತು ಮಾತ್ರ ಆಡಲಿಲ್ಲ. ನಾವಿಬ್ಬರೂ ಅಂಥ ಹಟಮಾರಿಗಳು.

ಆದರೆ ಒಂದೇ ನಲ್ಲಿ, ಒಂದೇ ಅಂಗಳ ಇರುವಾಗ ಮಾತಿಲ್ಲದೆ ಸಂಸಾರ ನಡೆಯುತ್ತದೆಯೇ? ಅದಕ್ಕೆ ಬೆಳ್ಳಿ ಇತ್ತು. 'ಬೆಳ್ಳಿ, ನಲ್ಲೀಲಿ ನೀರ್ ಬಂದದ ಅಂತ ಯೋಳವ್ವ' ಎಂದು ನಾನು ಬೆಕ್ಕಿಗೆ ಹೇಳುತ್ತಿದ್ದೆ. 'ಬೆಳ್ಳಿ, ನಂಗೇನ್ ಕಿವಿ ಕೇಳದಿಲ್ವ ಅಂತ ಯೋಳು' ಎಂದು ಆಚೆಯಿಂದ ಉತ್ತರ ಬರುತ್ತಿತ್ತು. ನನ್ನ ಮಗಳು ಸುಮ ಹಾಲುಹಲ್ಲು ಉದುರಿಸುತ್ತಿದ್ದಾಗ ಬಂದ ಬೆಕ್ಕು, ಈಗ ಅವಳಿಗೇ ಮದುವೆಯಾಗಿದೆ. ಅಷ್ಟು ಕಾಲ ಎರಡು ಮನೆಯ ಮಾತನ್ನೂ ಕಣ್ಣು ಮಿಟುಕಿಸುತ್ತ ಕೇಳಿದ ಜೀವ ಅದು.

ಒಂದು ಬೆಳಿಗ್ಗೆ ಅರಿಶಿನದ ರಾಶಿಯ ಮೇಲೆ ಮಲಗಿದ್ದ ಬೆಳ್ಳಿ ಎದ್ದು ಎರಡು ಹೆಜ್ಜೆ ಇಟ್ಟಿತು. ಹಿಂಗಾಲು ಮಡಚಿಕೊಂಡು ಹಾಗೇ ಪಕ್ಕಕ್ಕೆ ಉರುಳಿತು. ಓಡಿ ಹೋಗಿ ಎತ್ತಿಕೊಂಡರೆ ಕೈಯಲ್ಲಿ ಭಾರವೇ ಇಲ್ಲ. ಒದ್ದೆ ಬಟ್ಟೆಯಿಂದ ಕಿವಿಯ ಒಳಗೆ ಒರೆಸಿದೆ. ಪುಡಿ ಹೋಯಿತು, ಹಳದಿ ಹೋಗಲಿಲ್ಲ. ತುಟಿ ಎತ್ತಿ ನೋಡಿದೆ, ಒಸಡೂ ಹಳದಿ. ಇದು ನಮ್ಮ ಅರಿಶಿನವಲ್ಲ, ಕಾಮಾಲೆ.

ಆಚೆಯಿಂದ ನೋಡುತ್ತಿದ್ದ ಪ್ರೇಮ ಆಗಲೇ ಹೊಲಕ್ಕೆ ಊಟ ಒಯ್ಯುವ ಬುಟ್ಟಿಗೆ ಹಳೆಯ ಸೀರೆ ಹಾಸಿ ತಂದಿದ್ದಳು. ದನದ ಆಸ್ಪತ್ರೆ ಇರುವುದು ತಾಳವಾಡಿಯಲ್ಲಿ, ಅಲ್ಲಿಗೆ ಹೋಗುವ ಬಸ್ಸು ಹೋಗಿಬಿಟ್ಟಿತ್ತು. ಬುಟ್ಟಿಯ ಒಂದು ಕಡೆ ಅವಳು, ಒಂದು ಕಡೆ ನಾನು ಹಿಡಿದು ನಡೆದೆವು. ಮಂಜು ಇನ್ನೂ ಬಿಟ್ಟಿರಲಿಲ್ಲ. ರಸ್ತೆ ನಮ್ಮ ಕಾಲ ಹತ್ತಿರ ಮಾತ್ರ ಇತ್ತು, ಮುಂದೆ ಇರಲಿಲ್ಲ. ಎಲ್ಲೋ ಎತ್ತಿನ ಗಂಟೆ ಕೇಳಿಸಿ ನಿಂತಿತು. ನಾವು ನಡೆಯುತ್ತಿಲ್ಲ, ಕೆಳಗೆ ನೆಲವೇ ಮೆಲ್ಲಗೆ ಹಿಂದಕ್ಕೆ ಹೋಗುತ್ತಿದೆ ಅನ್ನಿಸಿತು. ಹಿಂದೆಯೂ ಹೀಗೆ ಇಬ್ಬರೂ ಬುಟ್ಟಿ ಹಿಡಿದು ಹೊಲಕ್ಕೆ ಹೋಗುತ್ತಿದ್ದೆವು. ಈಗಲೂ ಅಲ್ಲಿಗೇ ಹೋಗುತ್ತಿದ್ದೇವೆ, ನಂಜಪ್ಪ ಬದುವಿನ ಮೇಲೆ ಹಸಿದು ಕಾಯುತ್ತಿದ್ದಾನೆ ಎಂದು ಒಂದು ಗಳಿಗೆ ನಂಬಿಯೇ ಬಿಟ್ಟಿದ್ದೆ.

'ಬೆಳ್ಳಿ, ಕೈ ನೋಯ್ತದ, ಪಕ್ಕ ಬದ್ಲಾಯ್ಸವ ಅಂತ ಯೋಳವ್ವ' ಎಂದಳು ಪ್ರೇಮ. ಬೆಳ್ಳಿ ಕಣ್ಣು ಬಿಡಲಿಲ್ಲ. ನಾವು ಬುಟ್ಟಿ ಇಳಿಸಿ, ಪಕ್ಕ ಬದಲಿಸಿ, ಮತ್ತೆ ಎತ್ತಿಕೊಂಡೆವು.

ದನದ ಆಸ್ಪತ್ರೆಯ ಡಾಕ್ಟರಮ್ಮ ತಮಿಳಿನವರು, ಹೊಸಬರು. ಬೆಳ್ಳಿಯ ಬಾಯಿ ಬಿಡಿಸಿ ನೋಡಿದರು. ಹೊಟ್ಟೆ ಮುಟ್ಟಿದರು. 'ಕಡೈಸಿಯಾ ಎಪ್ಪೋ ಸಾಪ್ಟುಚ್ಚು?' ಎಂದರು. ಕೊನೆಗೆ ತಿಂದದ್ದು ಯಾವಾಗ ಎಂದು ಅವರು ಕೇಳಿದ್ದು.

ನಾನು ಪ್ರೇಮಳ ಮುಖ ನೋಡಿದೆ. ಪ್ರೇಮ ನನ್ನ ಮುಖ ನೋಡಿದಳು.

'ನಿಮ್ಮನೇಲಿ ತಿಂತಿತ್ತಲ್ವ?' ಎಂದೆ. ನೇರವಾಗಿ ಅವಳಿಗೇ.

'ನಿಮ್ಮನೇಲಿ ಉಣ್ತದ ಅಂತ ನಾ ಅನ್ಕಂಡಿ ಕನಕ್ಕ. ನಾನಿಟ್ಟ ಆಲು ಅಂಗೇ ಇರ್ತಿತ್ತು.'

ನಾನಿಟ್ಟ ಹಾಲೂ ಹಾಗೇ ಇರುತ್ತಿತ್ತು. ಆಚೆ ಮನೆಯ ರುಚಿ ಹತ್ತಿದೆ ಈ ಮುದಿ ಬೆಕ್ಕಿಗೆ ಎಂದು ಉರಿದುಕೊಂಡು ಅದನ್ನು ನಾಯಿಗೆ ಸುರಿಯುತ್ತಿದ್ದೆ. ಅವಳೂ ಹಾಗೇ ಮಾಡಿದ್ದಳಂತೆ. ಬೆಳ್ಳಿಯ ದವಡೆಯ ಹಲ್ಲೊಂದು ಕೊಳೆತು ಕೀವಾಗಿತ್ತು. ನೋವಿಗೆ ತಿನ್ನುವುದನ್ನು ಬಿಟ್ಟಿತ್ತು. ತಿನ್ನದೆ ಲಿವರು ಕೆಟ್ಟು ಕಾಮಾಲೆಯಾಗಿತ್ತು. ಎರಡು ಅಡುಗೆಮನೆಯ ಬೆಕ್ಕು ಉಪವಾಸ ಬಿದ್ದು ಸಾಯಲು ಹೊರಟಿತ್ತು.

ಡಾಕ್ಟರಮ್ಮ ಹಲ್ಲು ಕಿತ್ತು, ಸೂಜಿ ಹಾಕಿ, ಹೊಟ್ಟೆಗೆ ಏನಾದರೂ ಹೋದರೆ ಮಾತ್ರ ಬದುಕುತ್ತದೆ ಅಂದರು. ಗಂಜಿ, ಹಾಲು, ಏನೇ ಆಗಲಿ ತೆಳ್ಳಗೆ ಮಾಡಿ ಸಿರಿಂಜಿನಲ್ಲಿ ಸ್ವಲ್ಪ ಸ್ವಲ್ಪವೇ ಬಾಯಿಗೆ ಬಿಡಬೇಕು. ಅದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಮನೆಗೆ ತಂದು ಜಗುಲಿಯಲ್ಲಿ ಕೂತು ಪ್ರೇಮ ಹಿಡಿದುಕೊಂಡಳು, ನಾನು ಬಿಟ್ಟೆ. ಬೆಳ್ಳಿ ಉಗುಳಿತು, ಮತ್ತೆ ಬಿಟ್ಟೆ. ಡ್ರಮ್ಮು ತಿರುಗುತ್ತಲೇ ಇತ್ತು, ಹಳದಿ ಬೆಳಕು ಜಗುಲಿಗೆ ಬಂದು ಹೋಗುತ್ತಿತ್ತು. ಯಾವ ದಿನ ಯಾವ ವಾರ ಎಂಬುದೂ ಮರೆತುಹೋಯಿತು. ಬೈಯುತ್ತಿದ್ದೆ, ಅಳುತ್ತಿದ್ದೆ, ಗಂಜಿ ಕಾಯಿಸುತ್ತಿದ್ದೆ. ಈ ಬೆಕ್ಕು ಹೋದರೆ ನಾನು ಪ್ರೇಮಳ ಕಡೆ ಮುಖ ಎತ್ತಿ ನೋಡಲಾರೆ ಎಂಬುದೊಂದೇ ನನಗೆ ಗೊತ್ತಿತ್ತು.

ಒಂದು ಮಧ್ಯಾಹ್ನ ನನ್ನ ಬೆರಳಿನಲ್ಲಿ ಅಂಟಿದ್ದ ಗಂಜಿಯನ್ನು ಬೆಳ್ಳಿ ತಾನಾಗಿ ನೆಕ್ಕಿತು. ಒರಟು ನಾಲಗೆ, ಬೆಚ್ಚಗಿತ್ತು. ಆಮೇಲೆ ತಟ್ಟೆಗೆ ಬಾಯಿ ಹಾಕಿತು.

'ಬದ್ಕಂತು ಕನಮ್ಮಿ' ಎಂದೆ.

ಪ್ರೇಮ ಬೆಕ್ಕನ್ನೇ ನೋಡುತ್ತ ಮೆಲ್ಲಗೆ ಹೇಳಿದಳು: 'ನಾನೂ ಸರ್ಯಾಗಿ ಉಂಡು ಬೋ ದಿನ ಆಯ್ತು ಕನಕ್ಕ. ಒಬ್ಬಳ್ಗೆ ಅಂತ ಒಲ ಅಚ್ಚಿ ಬೇಯ್ಸಕ್ಕ ಮನ್ಸು ಬರದಿಲ್ಲ. ನಿಮ್ಮ ಒಗ್ಗರಣ ವಾಸ್ನ ಬಂದ್ರ ಬಾಗ್ಲು ಆಕ್ಕಂಡು ಮನಿಕತೀನಿ.'

ಆಗ ಅವಳನ್ನು ನೋಡಿದೆ. ಬೆಕ್ಕು ಹಿಡಿದಿದ್ದ ಕೈಯಲ್ಲಿ ಮೂಳೆ ಬಿಟ್ಟರೆ ಏನೂ ಇರಲಿಲ್ಲ. ದಿನವೂ ಎದುರಿಗೇ ಓಡಾಡುತ್ತಿದ್ದ ಹೆಂಗಸು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. 'ಬಾಯಿಲ್ವ ನಿಂಗ? ಗ್ವಾಡ ಬಡ್ದು ಅಕ್ಕ ಅಸೀತದ ಅನ್ನಕ್ಕ ಏನಾಗಿತ್ತು? ನಿನ್ನ ಸೊಕ್ಕಿಗಿಷ್ಟು ಬೆಂಕಿ ಆಕ' ಎಂದು ಇಷ್ಟು ವರ್ಷ ಕೂಡಿಟ್ಟಿದ್ದ ಬೈಗುಳವನ್ನೆಲ್ಲ ಬೈದೆ. ಬೈಯುತ್ತಲೇ ರಟ್ಟೆ ಹಿಡಿದು ನನ್ನ ಅಡುಗೆಮನೆಗೆ ಕರೆದುಕೊಂಡು ಹೋದೆ. ತಟ್ಟೆಗೆ ಬಿಸಿ ಮುದ್ದೆ ಹಾಕಿ ಅವರೆಕಾಳು ಸಾರು ಬಿಟ್ಟೆ. ಅವಳು ತಲೆ ತಗ್ಗಿಸಿ, ಕಣ್ಣೀರು ಒರೆಸಿಕೊಳ್ಳದೆ, ಮುರಿದು ಮುರಿದು ನುಂಗಿದಳು.

'ಉಪ್ಪು ಕಮ್ಮಿ ಕನಕ್ಕ' ಎಂದಳು.

ನಾನು ಉಪ್ಪು ಇಕ್ಕಿದೆ.