ಪೀಪಿಯ ಬಾಯಿ

ಅವ್ವನ ಹೆಬ್ಬೆರಳು ಕಾಗದಕ್ಕೆ ತಾಗುವ ಮೊದಲೇ ಅಂಬಿಕಾ ಕಾಗದವನ್ನು ಎಳೆದುಕೊಂಡಳು. ಶಾಯಿ ಹಚ್ಚಿದ ಬೆರಳು ಬರಿ ನೆಲಕ್ಕೆ ಒತ್ತಿತು.

ಕುಕ್ಕುವಾಡದ ಆ ಮನೆಯ ಅಂಗಳದಲ್ಲಿ ಅವಳ ಅಪ್ಪ ಗುತ್ತೆಪ್ಪನ ಹೆಣಕ್ಕೆ ನೀರು ಹಾಕುತ್ತಿದ್ದರು. ದಾವಣಗೆರೆಯ ಆಸ್ಪತ್ರೆಯಲ್ಲಿ ಕೊಯ್ದು ಹೊಲಿದು ಕೊಟ್ಟ ಹೆಣ. ತಲೆಗೆ ನೀರು ಸುರಿಯಬೇಡಿ ಎಂದು ಅಲ್ಲಿಯವರು ಹೇಳಿ ಕಳಿಸಿದ್ದರಿಂದ ದೊಡ್ಡಪ್ಪ ಮಾರಣ್ಣ ಕಾಲಿಗಷ್ಟೇ ಚೊಂಬಿನಿಂದ ಬಿಡುತ್ತಿದ್ದ. ಇಂಥ ಹೊತ್ತಲ್ಲಿ ಹರಿಹರದ ಕಾರ್ಖಾನೆಯ ಸೂಪರ್‌ವೈಸರ್ ಪರಶುರಾಮ್ ನಡುಮನೆಯಲ್ಲಿ ಕೂತು, ಅಳುವುದನ್ನೂ ಮರೆತು ಕೂತಿದ್ದ ಅವ್ವ ಉಚ್ಚೆಂಗೆಮ್ಮನ ಹೆಬ್ಬೆಟ್ಟು ಹಿಡಿದಿದ್ದ.

"ಬರೇ ಫಾರ್ಮಾಲಿಟಿನಮ್ಮ," ಎಂದ ಅವನು ಮಗಳಿಗೆ. "ಸಂಜೆಯೊಳಗೆ ಠಾಣೆಗೆ ಕೊಡಬೇಕು."

ಅಂಬಿಕಾ ಓದಿದಳು. ಕರೆಂಟ್ ಹೋಗಿ ವ್ಯಾಕ್ಯೂಮ್ ಮೋಟರ್ ನಿಂತಿದ್ದರಿಂದ ಕಬ್ಬಿಣದ ತಗಡು ಕಳಚಿ ಬಿದ್ದಿದೆ. ಮೃತರು ಎಚ್ಚರಿಕೆ ಮೀರಿ ಅದರ ಕೆಳಗೆ ಹೋಗಿದ್ದರು. ನಮಗೆ ಯಾರ ಮೇಲೂ ಸಂಶಯವಿಲ್ಲ. ಒಂದು ಪದದ ಮೇಲೆ ಅವಳ ಕಣ್ಣು ನಿಂತಿತು.

"ಆ ಮಿಷನ್‌ಗೆ ಮೋಟ್ರು ಎಲ್ಲೈತೆ ಸರ್?"

ಪರಶುರಾಮ್ ಪೆನ್ನಿನ ಕ್ಯಾಪು ಹಾಕಿ ತೆಗೆದ. "ಮೋಟ್ರಿಲ್ದೆ ಗಾಳಿ ಹೆಂಗೆ ಎಳೀತೈತಮ್ಮ? ನಿನ್ನ ಹೊಲಿಗೆ ಮಿಷನ್ ಅಂದ್ಕಂಡ್ಯಾ?"

ಅಂಬಿಕಾ ಕಾಗದವನ್ನು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡಳು.

*

ಅವಳು ಹತ್ತನೇ ತರಗತಿಯಲ್ಲಿದ್ದಾಗ ಗುತ್ತೆಪ್ಪ ಬೆರಳುದ್ದದ ಒಂದು ಹಿತ್ತಾಳೆ ಕೊಳವೆ ತಂದಿದ್ದ. ಅದಕ್ಕೆ ಮೂರು ಬಾಯಿ. ದಾವಣಗೆರೆಯ ಸರಸ್ವತಿ ನಗರದ ಪಂಕ್ಚರ್ ಅಂಗಡಿಗೆ ಅವಳನ್ನು ಕರೆದುಕೊಂಡು ಹೋಗಿ, ಗಾಳಿ ಪೈಪನ್ನು ಒಂದು ಬಾಯಿಗೆ ಸಿಕ್ಕಿಸಿದ. ಎದುರಿನ ಬಾಯಿಂದ ಗಾಳಿ ಕಿವಿ ಸೀಳುವಂತೆ ಕೂಗುತ್ತ ಹೊರಬಿತ್ತು. ಪಕ್ಕದ ತೂತಿಗೆ ಬೆರಳಿಡಲು ಹೇಳಿದ. ಬೆರಳನ್ನು ಯಾರೋ ಒಳಗಿನಿಂದ ಚೀಪಿದಂತಾಯಿತು.

"ಓಡೋ ಗಾಳಿ ಪಕ್ಕದ ಗಾಳಿನೂ ಎಳ್ಕಂಡು ಓಡ್ತೈತೆ. ಮೋಟ್ರಿಲ್ಲ, ಚಕ್ರ ಇಲ್ಲ. ಈ ತೂತಿಗೆ ರಬ್ಬರ್ ಬಟ್ಲು ಸಿಗಿಸಿದ್ರೆ ತಗಡು ಎತ್ತಬಹುದು."

ಆಮೇಲೆ ಅವನು ಎದುರಿನ ಬಾಯಿಯನ್ನು ಹೆಬ್ಬೆರಳಿನಿಂದ ಮುಚ್ಚಿದ. ಚೀಪುತ್ತಿದ್ದ ತೂತು ಫಕ್ಕನೆ ಊದಿ ಅವಳ ಬೆರಳನ್ನು ತಳ್ಳಿತು. ಹೋಗಲು ದಾರಿಯಿಲ್ಲದ ಗಾಳಿ ಹಿಂದಕ್ಕೆ ತಿರುಗುತ್ತದೆ ಎಂದು ಹೇಳಿದ. ಕಾರ್ಖಾನೆಯ ಮಿಷನ್ನಿನಲ್ಲಿ ತಗಡು ಎತ್ತುವ ಇಂಥ ಕೊಳವೆಯನ್ನು ಪೀಪಿ ಎನ್ನುತ್ತಿದ್ದರು. ಪೀಪಿ ಕೂಗುತ್ತಿದ್ದರೆ ತಗಡು ಹಿಡಿದಿದೆ ಎಂದು ಅರ್ಥ. ಕೂಗು ನಿಂತರೆ ಕೆಳಗೆ ತಲೆ ಹಾಕಬಾರದು.

ಇಪ್ಪತ್ತೆರಡು ವರ್ಷ ಆ ಕೂಗಿನ ಪಕ್ಕದಲ್ಲಿ ನಿಂತವನ ಕಿವಿ ಏನಾಗಬೇಕೋ ಅದೇ ಆಯಿತು. ಎರಡು ವರ್ಷದ ಹಿಂದೆ ಪೂರಾ ಹೋಯಿತು. ಗೊತ್ತಾದರೆ ಕೆಲಸದಿಂದ ತೆಗೆಯುತ್ತಾರೆಂದು ಅಂಬಿಕಾಳೇ ಅದನ್ನು ಮುಚ್ಚಿಟ್ಟಳು. ಕಾರ್ಖಾನೆಯಿಂದ ಫೋನ್ ಬಂದರೆ ಅಪ್ಪ ಸ್ನಾನಕ್ಕೆ ಹೋಗಿದ್ದಾರೆ ಎನ್ನುತ್ತಿದ್ದಳು. ಗುತ್ತೆಪ್ಪನಷ್ಟು ಸ್ನಾನ ಮಾಡುವವನು ಊರಲ್ಲಿ ಇರಲಿಲ್ಲ.

*

ಹೊಲದ ಬದುವಿನಲ್ಲಿ ಗುಂಡಿ ತೆಗೆದಿದ್ದರು. ಹೆಣ ಇಳಿಸುವ ಮೊದಲು ಮಾರಣ್ಣ ಅವಳ ಹತ್ತಿರ ಬಂದು, "ಹೆಬ್ಬೆಟ್ಟು ಒತ್ತಿಸಿ ಮುಗಿಸವ್ವ. ಮಣ್ಣಾದ ಮ್ಯಾಲೆ ಯಾವ ಮಿಷನ್ ಆದ್ರೇನು," ಎಂದ. ಬಣವೆಯ ಮರೆಯಲ್ಲಿ ಪರಶುರಾಮ್ ಅವನ ಹೆಗಲ ಮೇಲೆ ಕೈಹಾಕಿ ಮಾತಾಡಿದ್ದನ್ನು ಅವಳು ನೋಡಿದ್ದಳು. ದೊಡ್ಡಪ್ಪನ ಹೆಗಲ ಮೇಲೆ ಇದುವರೆಗೆ ಪ್ಯಾಂಟು ಹಾಕಿದ ಯಾರೂ ಕೈ ಇಟ್ಟಿರಲಿಲ್ಲ. ಈಗ ಅವನನ್ನೂ ನಂಬುವಂತಿರಲಿಲ್ಲ.

ಆದರೆ ಅವಳ ಕಣ್ಣು ಶಬ್ಬೀರನ ಮೇಲಿತ್ತು. ಅಪ್ಪನ ಜೊತೆ ಅದೇ ಮಿಷನ್ನಿನಲ್ಲಿ ದುಡಿದವನು. ಹಬ್ಬಕ್ಕೆ ಮನೆಗೆ ಬಂದರೆ ಅಡಿಗೆಮನೆವರೆಗೂ ಬರುತ್ತಿದ್ದವನು ಇವತ್ತು ಕಂಪನಿಯ ಕಾರಿನಲ್ಲಿ ಪರಶುರಾಮನ ಪಕ್ಕ ಕೂತು ಬಂದಿದ್ದ. ಹೆಣದ ಮುಖ ನೋಡಿರಲಿಲ್ಲ. ಜಾಲಿಗಿಡದ ಹತ್ತಿರ ಒಬ್ಬನೇ ನಿಂತಿದ್ದ.

ಎಲ್ಲರೂ ಮಣ್ಣು ಹಾಕಿದರು. ಪರಶುರಾಮ್ ಒಂದು ಹಿಡಿ ಹಾಕಿ, ಕರವಸ್ತ್ರದಲ್ಲಿ ಕೈ ಒರೆಸಿಕೊಂಡು ಕಾರಿನ ಕಡೆ ನಡೆದ. ಅಂಬಿಕಾ ಜಾಲಿಗಿಡದ ಕಡೆ ನಡೆದಳು.

"ಶಬ್ಬೀರಣ್ಣ, ಅವತ್ತು ಕರೆಂಟ್ ಹೋಗಿತ್ತಾ?"

ಅವನು ಜಾಲಿಯ ಮುಳ್ಳೊಂದನ್ನು ಮುರಿದ. "ಹೋಗಿದ್ದಿಲ್ಲ."

ಉಳಿದದ್ದನ್ನು ತುಂಡುತುಂಡಾಗಿ ಹೇಳಿದ. ಮಿಷನ್ ನೋಡಲು ಹೊರಗಿನ ಗಿರಾಕಿಗಳು ಬಂದಿದ್ದರು. ಪೀಪಿಯ ಕೂಗಿಗೆ ಅವರಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಅದರ ಬಾಯಿ ಮುಚ್ಚಿಸು ಎಂದು ಪರಶುರಾಮ್ ಸನ್ನೆ ಮಾಡಿದ. ಶಬ್ಬೀರ್ ಒರೆಸುವ ಬಟ್ಟೆಯನ್ನು ಸಡಿಲವಾಗಿ ತುರುಕಿದ. ಸದ್ದು ಅಡಗಿತು, ಆದರೂ ಐದು ತಗಡು ಎತ್ತಿತು. ಆರನೆಯದು ತೂಗುತ್ತಿರುವಾಗ, ಸ್ಟೋರಿನಿಂದ ಆಗಷ್ಟೇ ಬಂದ ಗುತ್ತೆಪ್ಪನಿಗೆ ಕೆಳಗೆ ಸಿಕ್ಕಿಕೊಂಡ ಕಬ್ಬಿಣದ ಚೂರು ಕಾಣಿಸಿತು. ಅದನ್ನು ತೆಗೆಯಲು ಹೋಗುವ ಮೊದಲು ಅವನು ಶಬ್ಬೀರನ ಮುಖ ನೋಡಿದ.

"ಎರಡು ವರ್ಷದಿಂದ ಅಣ್ಣನ ಕಿವಿ ನಾನೇ. ಪೀಪಿ ಕೂಗ್ತಿದ್ರೆ ತಲೆ ಆಡಿಸ್ತಿದ್ದೆ, ಅವರು ಬಗ್ಗೋರು." ಅವನ ದನಿ ಇಳಿಯಿತು. "ಅವತ್ತೂ ಆಡಿಸಿದೆ. ಐದು ಎತ್ತಿತ್ತಲ್ಲ, ಹಿಡಿದೈತೆ ಅಂದ್ಕಂಡೆ."

ಅಷ್ಟರಲ್ಲಿ ಬಟ್ಟೆ ಗಾಳಿಯ ಜೊತೆ ಬರುವ ಎಣ್ಣೆ ಕುಡಿದು ಬಿರಡೆಯಂತೆ ಬಿಗಿದಿತ್ತು. ಮುಂದೆ ಏನಾಯಿತೆಂದು ಅಂಬಿಕಾಗೆ ಹೇಳಬೇಕಾಗಿರಲಿಲ್ಲ. ಅವನ ಕೆನ್ನೆಗೆ ಹೊಡೆಯಬೇಕೆನಿಸಿತು. ಹೊಡೆಯಲಿಲ್ಲ.

"ಮತ್ತೆ ಅವರ ಕಾರಲ್ಲಿ ಯಾಕ ಬಂದ್ರಿ?"

"ಆ ಕಾಗದದ ಸಾಕ್ಷಿ ನಾನೇ. ಕೆಳಗೆ ನೋಡು, ಸಹಿ ಐತೆ." ಅವನು ಮೊದಲ ಸಲ ಅವಳ ಮುಖ ನೋಡಿದ. "ಪರಶುರಾಮ್ ಸಾಹೇಬ್ರಿಗೆ ಕಿವಿ ವಿಷ್ಯ ಮೊದಲಿಂದ ಗೊತ್ತಂತೆ. ಆ ಹುಡುಗಿ ಬಾಯಿ ಬಿಟ್ರೆ ಬಿಡ್ಲಿ, ಕಿವುಡಪ್ಪನ್ನ ಮಿಷನ್‌ಗೆ ಕಳಿಸಿದ್ದು ಯಾರು ಅಂತ ಕೇಳ್ತೀನಿ ಅಂದ್ರು. ಸುಮ್ನಿದ್ರೆ ಇಬ್ರೂ ಉಳ್ಕಂತೀವಿ."

ಅಂಬಿಕಾ ಕಾಗದ ತೆಗೆದು ಬಿಚ್ಚಿದಳು. ಸುಮ್ಮನಿದ್ದರೆ ಉಳಿಯುವವರು ಮೂವರು. ಹೋಗುವುದು ಅಪ್ಪನ ಹೆಸರೊಂದೇ, ಎಚ್ಚರಿಕೆ ಮೀರಿದವನು ಎಂದು. ಅವಳು ಕಾಗದದ ಖಾಲಿ ಬೆನ್ನು ಮೇಲೆ ಮಾಡಿ ಅವನ ಮುಂದೆ ಹಿಡಿದಳು.

"ಬರೀರಿ."

"ನನ್ನ ಹೆಸರೂ ಬರೀಬೇಕಾ?"

"ನನ್ನ ಹೆಸರಿಂದ ಶುರು ಮಾಡ್ರಿ. ಅಪ್ಪಗೆ ಕಿವಿ ಕೇಳ್ತಿದ್ದಿಲ್ಲ, ಮಗಳು ಮುಚ್ಚಿಟ್ಟಿದ್ಲು ಅಂತ. ಆಮೇಲೆ ನೀವು. ಆಮೇಲೆ ಅವರು."

ಶಬ್ಬೀರ್ ಜೇಬು ತಡಕಿ ಪೆನ್ನು ತೆಗೆದ. ಕುಕ್ಕರಗಾಲಲ್ಲಿ ಕೂತು ಕಾಗದವನ್ನು ಮೊಣಕಾಲ ಮೇಲಿಟ್ಟುಕೊಂಡ. ಒತ್ತಿ ಬರೆಯುವ ಕೈ. ಅಲ್ಲಲ್ಲಿ ಪೆನ್ನಿನ ಮೊನೆ ಕಾಗದ ತೂರಿತು. ರಸ್ತೆಯಲ್ಲಿ ಕಾರಿನ ಹಾರನ್ ಒಮ್ಮೆ ಆಯಿತು. ಇನ್ನೊಮ್ಮೆ ಉದ್ದಕ್ಕೆ ಆಯಿತು. ಗುಂಡಿಗೆ ಮಣ್ಣೆಳೆಯುತ್ತಿದ್ದವರೆಲ್ಲ ಗುದ್ದಲಿ ನಿಲ್ಲಿಸಿ ಆ ಕಡೆ ತಿರುಗಿದರು. ಶಬ್ಬೀರ್ ತಲೆ ಎತ್ತದೆ ಅವಳ ಸಾಲು ಮುಗಿಸಿ, ಅದರ ಕೆಳಗೆ ತನ್ನ ಹೆಸರಿನ ಮೊದಲ ಅಕ್ಷರ ಬರೆದ.